ರಾಣಿಯ ಮೂಗು, ಇಸವಿಯ ಚುಕ್ಕಿ

ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಚಿಟಿಕೆ ಉಪ್ಪು, ಒಂದು ಚಮಚ ವಿಭೂತಿ, ಕೂದಲುದುರಿದ ಹಳೆಯ ಹಲ್ಲುಜ್ಜುವ ಬ್ರಷ್ಷು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆ, ಬುಧವಾರ ಬೆಳಿಗ್ಗೆ, ಇಷ್ಟನ್ನು ಸುತ್ತ ಇಟ್ಟುಕೊಂಡು ನಮ್ಮಜ್ಜಿ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿ ಕುಳಿತಳೆಂದರೆ ಮನೆಯ ಬೆಳ್ಳಿಗೆಲ್ಲ ಅಭ್ಯಂಜನ ಎಂದರ್ಥ. ಹಿತ್ತಲು ಎಂದೆನಲ್ಲ, ಅದು ಬರೀ ಮಾತಿನ ರೂಢಿ. ಸಾರಕ್ಕಿಯಲ್ಲಿ ಹಿತ್ತಲೆಂದರೆ ಈಗ ಮೂರು ಮಹಡಿಯ ಕಟ್ಟಡಕ್ಕೂ ಪಕ್ಕದವರ ಕಾಂಪೌಂಡಿಗೂ ನಡುವೆ ಉಳಿದಿರುವ ನಾಲ್ಕಡಿ ಅಗಲದ ಸಿಮೆಂಟಿನ ಸಂದಿ. ತಾತ ರಾಗಿಯನ್ನೂ ಅವರೆಯನ್ನೂ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆಯವರ ಸ್ಕೂಟರುಗಳು ನಿಂತಿವೆ. ಕಲ್ಲು ಮಾತ್ರ ಯಾವ ಇಂಜಿನಿಯರನ ನಕ್ಷೆಗೂ ಜಗ್ಗದೆ ಇದ್ದಲ್ಲೇ ಇದೆ. ಆ ಕಲ್ಲಿನ ಮೇಲೆ ದೀಪಗಳು, ಕುಂಕುಮದ ಬಟ್ಟಲು, ಚೊಂಬು ಎಲ್ಲ ಮುಗಿದ ಮೇಲೆ ಕೊನೆಯ ಸರದಿ ಹನ್ನೊಂದು ಬೆಳ್ಳಿ ರೂಪಾಯಿಗಳದ್ದು. ಒಂದೊಂದೂ ಒಂದು ತೊಲ ತೂಕದ, ಬ್ರಿಟಿಷರ ಕಾಲದ, ರಾಜ ಅಥವಾ ರಾಣಿಯ ಮುಖವಿರುವ ರೂಪಾಯಿ. ಹಬ್ಬದ ದಿನ ಕಲಶದ ಮುಂದೆ ತಟ್ಟೆಯಲ್ಲಿ ಕೂರುತ್ತವೆ, ಮರುದಿನ ಬಟ್ಟೆಯ ಗಂಟಿನೊಳಕ್ಕೆ ಹೋಗಿ ವರ್ಷವಿಡೀ ಮಲಗುತ್ತವೆ.

ನನಗೆ ದಿನಚರಿ ಬರೆಯುವ ಚಟ. ಬರೆಯುವುದೆಂದರೆ ಚಂದ್ರ, ಬೇಸರ, ಒಂಟಿತನ ಅಲ್ಲ. ತಾರೀಖು ಮತ್ತು ಎಣಿಕೆ. ಬಸ್ಸಿಗೆ ಎಷ್ಟು ನಿಮಿಷ ಕಾದೆ, ಸಾರಕ್ಕಿ ಸಿಗ್ನಲ್ಲಿನಲ್ಲಿ ಎಷ್ಟು ಸಲ ಕೆಂಪು ಬಿತ್ತು, ಮಹಡಿಯ ಮೇಲಿನ ಬಾಡಿಗೆಯವರ ಮಿಕ್ಸಿ ಎಷ್ಟು ಗಂಟೆಗೆ ಕಿರುಚಿತು, ಇಂಥವು. ಹೊಟ್ಟೆಪಾಡೂ ಎಣಿಕೆಯದೇ: ಜೆ.ಪಿ. ನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಜನರ ರಕ್ತದ ಕಣಗಳನ್ನು ಎಣಿಸುತ್ತೇನೆ. ಎಣಿಸಿದ್ದೆಲ್ಲ ತಿಳಿದಂತೆ ಎಂಬ ಭ್ರಮೆ ಎಣಿಸುವವರಿಗೆ ಬಲು ಬೇಗ ಅಂಟುತ್ತದೆ. ಈ ಪ್ರಬಂಧದಲ್ಲಿ ನಾನು ಬೇರೆಯವರನ್ನು ಸಾಕಷ್ಟು ಹಂಗಿಸಲಿದ್ದೇನೆ. ನನ್ನ ಪಾಲನ್ನೂ ಮೊದಲೇ ತೆಗೆದಿಟ್ಟಿರುತ್ತೇನೆ, ಆಮೇಲೆ ನೀವು ಕೇಳುವುದು ಬೇಡ.

ದಿನಚರಿಯ ಪುಟ ಹೀಗಿದೆ: ಆಗಸ್ಟ್ 6, ಬುಧವಾರ. ರೂಪಾಯಿ ಹನ್ನೊಂದು. ರಾಣಿ ಏಳು, ರಾಜರು ನಾಲ್ಕು. 1862ನೆಯ ಇಸವಿಯದು ಒಂದು. ಇಸವಿಯ ಕೆಳಗೆ ಚುಕ್ಕಿ ಎರಡು.

ಈ ಕೊನೆಯ ಸಾಲು ನಾನು ಯಾಕೆ ಬರೆದೆನೋ ನನಗೇ ತಿಳಿಯದು. ತೊಳೆದ ರೂಪಾಯಿಯನ್ನು ಒರೆಸಿ ಕೊಡುವಾಗ ಬಿಸಿಲಿಗೆ ಏನೋ ಮಿನುಗಿತು, ಎಣಿಸಿದೆ, ಬರೆದೆ. ಸಂಜೆ ಮೊಬೈಲಿನಲ್ಲಿ ಹುಡುಕಿದಾಗ, ಆ ಚುಕ್ಕಿಗಳನ್ನು ಎಣಿಸುತ್ತಲೇ ತಲೆ ನರೆಸಿಕೊಂಡವರು ಲೋಕದಲ್ಲಿ ಒಂದು ದಂಡೇ ಇದೆ ಎಂದು ತಿಳಿಯಿತು.

ಸಂಗತಿ ಇಷ್ಟು. ಬ್ರಿಟಿಷರು ರಾಣಿಯ ಮುಖದ ಹೊಸ ರೂಪಾಯಿಯನ್ನು 1862ನೆಯ ಇಸವಿ ಕೆತ್ತಿ ಹೊರಡಿಸಿದರು. ಆಮೇಲೆ ಅರವತ್ತಮೂರು ಬಂತು, ಅರವತ್ತನಾಲ್ಕು ಬಂತು, ರೂಪಾಯಿಯ ಮೇಲೆ ಮಾತ್ರ ಹಲವಾರು ವರ್ಷ ಅರವತ್ತೆರಡು ಕದಲಲಿಲ್ಲ. ಹೆಣ್ಣು ಹುಡುಕುತ್ತಿರುವ ಗಂಡಿನ ವಯಸ್ಸು ಇಪ್ಪತ್ತೊಂಬತ್ತಕ್ಕೆ ಬಂದು ನಿಂತುಬಿಡುತ್ತದಲ್ಲ, ಹಾಗೆ. ಟಂಕಸಾಲೆಯವರಿಗೆ ಒಳಗಿನ ಗುರುತು ಬೇಕಿತ್ತೇನೋ, ಇಸವಿಯ ಕೆಳಗೂ ಮೇಲಿನ ಹೂಬಳ್ಳಿಯಲ್ಲೂ ಸಾಸಿವೆಗಿಂತ ಸಣ್ಣ ಚುಕ್ಕಿಗಳನ್ನು ಇಡುತ್ತ ಹೋದರು. ಯಾವ ರೂಪಾಯಿ ನಿಜಕ್ಕೂ ಯಾವ ವರ್ಷ ಹುಟ್ಟಿತೆಂಬ ಗುಟ್ಟು ಆ ಚುಕ್ಕಿಗಳಲ್ಲಿದೆ ಎಂದು ಬಲ್ಲವರ ಊಹೆ. ಚುಕ್ಕಿ ಒಂದಿದ್ದರೆ ಒಂದು ಬಗೆ, ಎರಡಿದ್ದರೆ ಬೇರೆ ಬಗೆ, ಮೇಲೊಂದು ಕೆಳಗೊಂದಿದ್ದರೆ ಮತ್ತೊಂದು ಬಗೆ. ಕೆಲವು ಬಗೆಗಳು ಹೆಜ್ಜೆಗೊಂದು ಸಿಗುತ್ತವೆ, ಕೆಲವು ಸಿಗುವುದೇ ಇಲ್ಲ. ಸಿಗದವಕ್ಕಾಗಿ ಬುದ್ಧಿವಂತರು ಆಯುಷ್ಯ ಸವೆಸುತ್ತಾರೆ. ಅಜ್ಜಿಯೂ ದಿನಾ ಬೆಳಿಗ್ಗೆ ಚುಕ್ಕಿ ಎಣಿಸುತ್ತಾಳೆ, ಆದರೆ ಅವುಗಳ ನಡುವೆ ಗೆರೆ ಎಳೆದು ಬಾಗಿಲ ಮುಂದೆ ರಂಗೋಲಿಯನ್ನಾದರೂ ಬಿಡಿಸಿ ಎದ್ದೇಳುತ್ತಾಳೆ. ಇವರದು ಗೆರೆ ಕೂಡದ ಚುಕ್ಕಿ.

ಆ ರಾಣಿಯ ಮೊಮ್ಮಗನ ಕಾಲದ ಇನ್ನೊಂದು ರೂಪಾಯಿಯ ಕತೆ ಕೇಳಿ. ರಾಜನ ನಿಲುವಂಗಿಯ ಎದೆಯ ಮೇಲೆ ಒಂದು ಪುಟ್ಟ ಆನೆಯನ್ನು ಕೆತ್ತಿದರಂತೆ. ಸೊಂಡಿಲು ಮೋಟಾಗಿ, ಅದು ನಮ್ಮವರ ಕಣ್ಣಿಗೆ ಹಂದಿಯಂತೆ ಕಂಡಿತು. ಗುಲ್ಲೆದ್ದಿತು, ಮರುವರ್ಷ ಸೊಂಡಿಲನ್ನು ಉದ್ದ ಮಾಡಿದರು. ಆನೆಗಳ ದೇಶವನ್ನು ಆಳಲು ಬಂದವರಿಗೆ ಒಂದು ಆನೆ ಬರೆಯಲು ಬರಲಿಲ್ಲ. ಅದು ನಗುವ ಸಂಗತಿ, ನಗಬಹುದು. ಆದರೆ ಸಂಗ್ರಹಕಾರರು ನಗುವುದಿಲ್ಲ. ಹಂದಿ ಆನೆಯ ರೂಪಾಯಿಯನ್ನು ಮಖಮಲ್ಲಿನ ಮೇಲೆ ಮಲಗಿಸಿ ಕೈಮುಗಿಯುತ್ತಾರೆ. ತಪ್ಪಿಗೆ ಇವರು ಕೊಡುವ ಗೌರವವನ್ನು ಒಪ್ಪಕ್ಕೆ ಯಾರೂ ಕೊಡುವುದಿಲ್ಲ. ಲ್ಯಾಬಿನಲ್ಲಿ ನಾನು ಒಂದು ಎಣಿಕೆ ತಪ್ಪಿದರೆ ಮೆಮೊ ಬರುತ್ತದೆ; ಟಂಕಸಾಲೆಯವನು ತಪ್ಪಿದರೆ ನೂರೈವತ್ತು ವರ್ಷದ ನಂತರ ಜಯನಗರದಲ್ಲಿ ಸಭೆ ಸೇರುತ್ತದೆ.

ಆ ಸಭೆಗೆ ನಾನು ಹೋದದ್ದು ಆಗಸ್ಟ್ 24ರ ಭಾನುವಾರ. ಜಯನಗರದ ಒಂದು ಹಳೆಯ ಛತ್ರದ ಊಟದ ಹಾಲ್, ತಿಂಗಳಿಗೆರಡು ಭಾನುವಾರ ನಾಣ್ಯದವರಿಗೆ. ಬಂದಿದ್ದವರು ಮೂವತ್ತೆರಡು ಜನ. ಅದರಲ್ಲಿ ಹೆಂಗಸರು ಇಬ್ಬರು, ನಾನು ಮತ್ತು ಕಾಫಿ ತಂದಿಟ್ಟ ಆಂಟಿ. ಎಲ್ಲರೂ ಎಲೆ ಹಾಕುವ ಉದ್ದನೆಯ ಮೇಜಿಗೆ ಬಾಗಿಕೊಂಡು, ಊಟದ ಬದಲು ಭೂತಗನ್ನಡಿಯಲ್ಲಿ ಬೆಳ್ಳಿಯನ್ನು ಜಗಿಯುತ್ತಿದ್ದರು. ನನ್ನನ್ನು ಅವರ ಹಿರಿಯರೊಬ್ಬರ ಬಳಿ ಕಳಿಸಿದರು. ಅವರ ಹೆಸರು ನಾನು ಹೇಳುವುದಿಲ್ಲ. ಕೊರಳಿಗೆ ದಾರ ಕಟ್ಟಿ ಭೂತಗನ್ನಡಿಯನ್ನು ಲಿಂಗದ ಕರಡಿಗೆಯ ಹಾಗೆ ಎದೆಯ ಮೇಲೆ ಧರಿಸಿದ್ದರಿಂದ ದಿನಚರಿಯಲ್ಲಿ ಅವರು ಭೂತಗನ್ನಡಿ ಅಂಕಲ್.

ಅಂಕಲ್ ರೂಪಾಯಿಯನ್ನು ಅಂಚು ಹಿಡಿದು ಎತ್ತಿದರು. ಮುಖ ಹುಳಿ ಹಿಂಡಿದಂತಾಯಿತು.

‘ತೊಳ್ದಿದೀರಾ?’

‘ಕೊಂದಿದೀರಾ?’ ಎಂದು ಠಾಣೆಯಲ್ಲಿ ಕೇಳುವ ದನಿ.

‘ಹೌದು ಅಂಕಲ್. ಹಬ್ಬಕ್ಕೆ ತೊಳೀತೀವಿ.’

‘ಏನ್ ಹಾಕಿ?’

‘ಹುಣಸೆಹಣ್ಣು, ವಿಭೂತಿ.’

‘ಪ್ರತಿ ವರ್ಷಾನಾ?’

‘ತಪ್ಪದೆ.’

ಪಕ್ಕದಲ್ಲಿದ್ದವರು ‘ಅಯ್ಯೋ ರಾಮ’ ಎಂದು ಕನ್ನಡಕ ತೆಗೆದಿಟ್ಟರು, ಸಾವಿನ ಮನೆಯಲ್ಲಿ ತೆಗೆದಿಡುವ ಹಾಗೆ. ಅಂಕಲ್ ನಿಟ್ಟುಸಿರು ಬಿಟ್ಟು ಹೇಳಿದರು: ‘ತೊಳೆದ ನಾಣ್ಯ ಸತ್ತ ನಾಣ್ಯ ಕಣಮ್ಮ. ನೂರೈವತ್ತು ವರ್ಷದ ಟೋನ್ ಇರತ್ತೆ ಅದರ ಮೇಲೆ. ಅದೇ ಅದರ ಪ್ರಾಣ.’

ಟೋನ್ ಎಂದರೆ ಮತ್ತೇನೂ ಅಲ್ಲ, ಬೆಳ್ಳಿಯ ಕಪ್ಪು. ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ಮನೆಯ ಹೆಂಗಸರಿಗೆ ಮೈಗಳ್ಳತನ ಎಂದರ್ಥ. ಇಲ್ಲಿ ಕಪ್ಪಾಗಿದ್ದರೆ ನಾಣ್ಯಕ್ಕೆ ಪ್ರಾಣವಿದೆ ಎಂದರ್ಥ. ಇಲ್ಲಿ ಬೈಗುಳಗಳು ಮೂರು: ತೊಳೆದದ್ದು, ಮುಟ್ಟಿದ್ದು, ಬಳಸಿದ್ದು. ಯಾರ ಬೆರಳೂ ತಾಕದ, ಯಾವ ಸಂತೆಗೂ ಹೋಗದ, ಒಂದು ಹಿಡಿ ಉಪ್ಪನ್ನೂ ಕೊಂಡು ತಾರದ ರೂಪಾಯಿಯೇ ಉತ್ತಮೋತ್ತಮ. ಕೈಯಿಂದ ಕೈಗೆ ದಾಟಲೆಂದೇ ಹುಟ್ಟಿದ ವಸ್ತುವಿಗೆ ಕೈ ತಾಕಿದ್ದೇ ಮೈಲಿಗೆ! ಹೊಲ ಉಳದ ನೇಗಿಲಿಗೆ ಬಹುಮಾನ ಕೊಡುವ ಜಾತ್ರೆಯನ್ನು ನೀವು ಕಂಡಿದ್ದೀರಾ? ನಾನು ಕಂಡೆ, ಕಾಫಿಯೂ ಕುಡಿದು ಬಂದೆ.

ಹಾಗೆಯೇ ಎದ್ದು ಬಂದುಬಿಟ್ಟಿದ್ದರೆ ಈ ಪ್ರಬಂಧ ನನ್ನ ಜಾಣತನದ ವರದಿಯಾಗಿ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಕಲ್ ರೂಪಾಯಿಯನ್ನು ಹಿಂದಿರುಗಿಸುವ ಮುನ್ನ ಹಿಂಬದಿಯನ್ನು ಒಮ್ಮೆ ನೋಡಿದರು. ನೋಡಿದವರು ನೋಡುತ್ತಲೇ ಉಳಿದರು. ಎದೆಯ ಮೇಲಿನ ಭೂತಗನ್ನಡಿ ಕಣ್ಣಿಗೇರಿತು. ಇನ್ನಿಬ್ಬರನ್ನು ಕರೆದರು. ಇಸವಿಯ ಕೆಳಗೆ ನಟ್ಟನಡುವೆ ಇರಬೇಕಾದಲ್ಲಿ ಒಂದು ಚುಕ್ಕಿ. ಅದರ ಬಲಕ್ಕೆ ತುಸು ಕೆಳಗೆ, ಅಂಚಿನ ಕಡೆ ಜಾರಿದಂತೆ, ಇನ್ನೊಂದು. ಎರಡು ಚುಕ್ಕಿಯ ರೂಪಾಯಿ ಅವರು ಕಂಡದ್ದೇ. ಹೀಗೆ ಓರೆಯಾಗಿ ನಿಂತ ಎರಡನೆಯ ಚುಕ್ಕಿ ಯಾರ ಪುಸ್ತಕದಲ್ಲೂ ಇಲ್ಲ.

‘ಮುಖ ಪೂರ್ತಿ ಸವೆದಿದೆಯಲ್ಲ ಅಂಕಲ್?’ ಎಂದೆ. ರಾಣಿಯ ಮೂಗು ಇರಲಿಲ್ಲ, ಕಿರೀಟವಿದ್ದ ಜಾಗ ನುಣ್ಣಗೆ ಬೋಳು.

‘ಸವೆದಿಲ್ಲಮ್ಮ, ಅದೇ ಸ್ವಾರಸ್ಯ! ಹಿಂದುಗಡೆ ಅಕ್ಷರ ನೋಡಿ, ಎಷ್ಟು ಚೂಪಾಗಿದೆ. ಒಂದೇ ಕಡೆ ಹೇಗೆ ಸವೆಯತ್ತೆ? ಮುಂದಿನ ಅಚ್ಚು ಸರಿಯಾಗಿ ಒತ್ತಿಲ್ಲ. ಹುಟ್ಟಿದ್ದೇ ಹೀಗೆ. ಅಂಚಲ್ಲಿ ಇದೇನೋ ಒರಟು ಇದೆ ನೋಡಿ, ಅದೂ ಟಂಕಸಾಲೇದೇ ದೋಷ. ಮೂರು ತಪ್ಪು ಒಂದರಲ್ಲಿ!’ ಮೂರು ತಪ್ಪು ಎಂದು ಅವರು ಹೇಳಿದ ಧಾಟಿ, ತ್ರಿವಳಿ ಮೊಮ್ಮಕ್ಕಳಾದವರದು. ‘ನೀವೇ ಬರೀರಿ. ನಮ್ಮ ಪತ್ರಿಕೇಲಿ ಹಾಕ್ತೀನಿ. ಕಂಡುಹಿಡಿದವರು ಅಂತ ನಿಮ್ಮ ಹೆಸರೇ ಇರತ್ತೆ. ಒಂದೇ ಮಾತು, ಇನ್ನು ಮುಂದೆ ಇದನ್ನ ತೊಳೆಯೋ ಹಾಗಿಲ್ಲ.’

ಕಂಡುಹಿಡಿದವರು ಅಂತ ನಿಮ್ಮ ಹೆಸರು. ಗೆಳೆಯರೇ, ಐದು ವರ್ಷದಿಂದ ಬೇರೆಯವರ ರಕ್ತ ಎಣಿಸಿ ಕೆಳಗೆ ಡಾಕ್ಟರರ ಸಹಿ ಹಾಕಿಸುತ್ತಿದ್ದವಳಿಗೆ ಈ ಮಾತು ಏನು ಮಾಡಿತೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಸತ್ತ ನಾಣ್ಯ ಐದು ನಿಮಿಷದಲ್ಲಿ ಎದ್ದು ಕುಳಿತದ್ದೂ ನನಗೆ ವಿಚಿತ್ರವೆನಿಸಲಿಲ್ಲ. ನಾನೂ ಅಂಚು ಹಿಡಿದೇ ರೂಪಾಯಿಯನ್ನು ಮನೆಗೆ ತಂದೆ.

ಅಜ್ಜಿಯನ್ನು ಕೇಳಿದೆ, ಇದೊಂದು ನನ್ನ ಹತ್ತಿರ ಇರಲಿ ಎಂದು. ಅವರೆಕಾಯಿ ಬಿಡಿಸುವವಳಂತೆ ಬೆರಳಾಡಿಸಿ, ನೋಡದೆಯೇ, ಯಾವ ರೂಪಾಯಿ ಎಂದು ಗುರುತಿಸಿದಳು.

‘ಇದೇ ಯಾಕಮ್ಮಿ? ಬ್ಯಾರೆ ಹತ್ತು ಬಿದ್ದವೆ.’

‘ಪರೀಕ್ಷೆ ಮಾಡ್ಬೇಕು ಅಜ್ಜಿ. ಅಪರೂಪದ್ದಂತೆ.’

‘ಅಪರೂಪದ್ದೇಯ, ಅದ್ಕೇನ್ ಪರೀಕ್ಷೆ? ತಗೊಂಡೋಗು. ನಿಮ್ಮಕ್ಕನ ಬಾಣಂತನಕ್ಕೆ ನಂಗ್ ವಾಪಸ್ ಬೇಕು, ಅಷ್ಟೇಯ.’

ಗಿರಿನಗರಕ್ಕೆ ಕೊಟ್ಟಿರುವ ಅಕ್ಕ ಆಗ ಆರು ತಿಂಗಳ ಬಸುರಿ. ಚೊಚ್ಚಲು, ಬಾಣಂತನ ನಮ್ಮ ಮನೆಯಲ್ಲೇ. ‘ಅಪರೂಪದ್ದೇಯ’ ಎಂದಳಲ್ಲ, ಯಾಕೆ ಎಂದು ಕೇಳಬೇಕಿತ್ತು. ನಾನು ಎಣಿಸುವವಳು, ಕೇಳಲಿಲ್ಲ. ನವೆಂಬರಿಗೆ ಇನ್ನೂ ದಿನವಿದೆ ಎಂದು ಲೆಕ್ಕ ಹಾಕಿ ‘ಆಯ್ತಜ್ಜಿ’ ಎಂದೆ.

ಸೆಪ್ಟೆಂಬರ್ ಪೂರ್ತಿ ನಡೆದದ್ದನ್ನು ಈಗ ಓದಿದರೆ ಕೆನ್ನೆ ಬಿಸಿಯಾಗುತ್ತದೆ. ತೆಗೆದ ಫೋಟೊ ಅರವತ್ತೊಂದು. ಎರಡೂ ಚುಕ್ಕಿಯನ್ನು ಅಳೆದದ್ದು ನಲವತ್ತು ಸಲ. ಲ್ಯಾಬಿನ ಸೂಕ್ಷ್ಮದರ್ಶಕದ ಕೆಳಗೆ, ಊಟದ ಬಿಡುವಿನಲ್ಲಿ, ಯಾರದೋ ಡೆಂಗ್ಯೂವಿನ ಗಾಜನ್ನು ಪಕ್ಕಕ್ಕೆ ಸರಿಸಿ, ನಾಲ್ಕು ದಿನ. ಎರಡನೆಯ ಚುಕ್ಕಿಯ ಬಣ್ಣ ಮೊದಲನೆಯದಕ್ಕಿಂತ ಒಂದೆಳೆ ಹಳದಿ ಎಂದು ಸೆಪ್ಟೆಂಬರ್ 18ರ ಪುಟದಲ್ಲಿ ನಾನೇ ಬರೆದಿದ್ದೇನೆ. ಮುಂದಿನ ಸಾಲಿನಲ್ಲಿ ‘ಬೆಳಕಿನ ದೋಷ’ ಎಂದೂ ನಾನೇ ಬರೆದಿದ್ದೇನೆ. ತನಗೆ ಬೇಡದ್ದನ್ನು ಕಂಡ ಕಣ್ಣು ಬೆಳಕನ್ನು ಬೈಯುತ್ತದೆ. ನಾಲ್ಕು ಪುಟದ ಲೇಖನವಾಯಿತು. ಅದಕ್ಕೆ ‘ಓರೆ ಚುಕ್ಕಿ ಪ್ರಭೇದ’ ಎಂದು ನಾಮಕರಣವಾಯಿತು. ಅಕ್ಟೋಬರಿನಲ್ಲಿ ಸಂಘದವರು ರೂಪಾಯಿಯನ್ನು ಗಾಜಿನಂತೆ ತಿಳಿಯಾದ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯೊಳಗಿಟ್ಟು, ಮತ್ತೆ ತೆರೆಯಲಾಗದಂತೆ ಅಂಟಿಸಿ, ಮೇಲೆ ಚೀಟಿ ಹಚ್ಚಿ ಕೊಟ್ಟರು: ಇಸವಿ, ಪ್ರಭೇದ, ಕೆಳಗೆ ನನ್ನ ಹೆಸರು. ಡಬ್ಬಿ ಒಡೆದರೆ ಚೀಟಿಗೆ ಬೆಲೆಯಿಲ್ಲ. ಅದನ್ನು ಮೇಜಿನ ಮೇಲೆ, ಎದ್ದ ಕೂಡಲೇ ಕಾಣುವ ಹಾಗೆ ನಿಲ್ಲಿಸಿಕೊಂಡೆ. ನನ್ನ ಹೆಸರಿನ ಕೆಳಗೆ ಕೈದಿಯಂತೆ ಕುಳಿತಿದ್ದ ರಾಣಿಗೆ ಮೂಗಿರಲಿಲ್ಲ, ಇದ್ದಿದ್ದರೆ ಮುರಿಯುತ್ತಿದ್ದಳು.

ನವೆಂಬರ್ 12, ಬುಧವಾರ: ಅಕ್ಕನಿಗೆ ಹೆಣ್ಣುಮಗು. ತೂಕ ಎರಡು ಕೆ.ಜಿ. ಒಂಬೈನೂರು. ನವೆಂಬರ್ 20, ಗುರುವಾರ: ಅಜ್ಜಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

‘ತತ್ತಾರಮ್ಮಿ ರೂಪಾಯಿ. ಮೂವತ್ತಕ್ಕೆ ತೊಟ್ಲುಶಾಸ್ತ್ರ. ಮಗೀಗೆ ಉಡಿದಾರ ಕಟ್ಬೇಕು.’

‘ಬೇರೆ ಯಾವುದಾದ್ರೂ ಕಟ್ಟು ಅಜ್ಜಿ. ಹತ್ತು ಇದಾವಲ್ಲ.’

‘ಯಾವುದಾದ್ರೂ ಅಂತೆ! ಆಸ್ಪತ್ರೆಯಿಂದ ಯಾವುದಾದ್ರೂ ಒಂದ್ ಮಗ ಎತ್ಕೊಂಡ್ ಬಂದ್ಲಾ ನಿಮ್ಮಕ್ಕ? ಅದು ಹೊಕ್ಳು ರೂಪಾಯಿ ಕಣೇ. ಬಾಕಿ ಹತ್ತೂ ದೇವ್ರ ಮುಂದೆ ಸುಮ್ನೆ ಕೂರೋವು. ಅದೊಂದೇ ಕೆಲ್ಸ ಮಾಡೋದು.’

ಹೊಕ್ಕುಳು ರೂಪಾಯಿ ಎಂಬ ಮಾತು ನಾನು ಅರವತ್ತೊಂದು ಫೋಟೊ ತೆಗೆದ ಮೇಲೆ ಮೊದಲ ಬಾರಿಗೆ ಕೇಳಿದೆ. ಎಳೆಗೂಸಿನ ಹೊಕ್ಕುಳು ಉಬ್ಬಬಾರದೆಂದು, ಉಡಿದಾರಕ್ಕೆ ಪೋಣಿಸಿ, ಹೊಕ್ಕುಳಿನ ಮೇಲೆ ಒತ್ತಿ ನಿಲ್ಲುವಂತೆ ಕಟ್ಟುತ್ತಿದ್ದ ರೂಪಾಯಿ. ನಮ್ಮಪ್ಪನಿಗೆ ಕಟ್ಟಿದ್ದರು, ಅತ್ತೆಗೆ ಕಟ್ಟಿದ್ದರು, ಅಕ್ಕನಿಗೆ, ನನಗೆ. ಅಜ್ಜಿ ಬೆರಳು ಮಡಿಸಿ ಲೆಕ್ಕ ಒಪ್ಪಿಸುತ್ತಿದ್ದಳು. ನಾನು ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರ ಎಣಿಕೆಗೆ ಹೆದರಿದೆ.

‘ಅಜ್ಜಿ, ರಾಣಿ ಮುಖ ಯಾಕೆ ಹಂಗಿದೆ?’

‘ಆವಮ್ಮನ ಮೂಗು ಮಗೀಗ್ ಚುಚ್ತಿತ್ತು. ಕಿರೀಟ ಬ್ಯಾರೆ, ಬರೀ ಮುಳ್ಳು. ಮುಖ ಒಳಗಾಕಿ ಕಟ್ಟಿದ್ರೆ ಒಂದೇ ಸಮ ಅರಚೋನು ನಿಮ್ಮಪ್ಪ. ನಮ್ಮತ್ತೆ ಒಂದಿನ ರೇಗಿ, ಒಗೆಯೋ ಕಲ್ ಮೇಲಾಕ್ಕೊಂಡು ತಿಕ್ಕಿದ್ರು ನೋಡು, ಮೂಗೂ ಹೋಯ್ತು, ಕಿರೀಟಾನೂ ಹೋಯ್ತು.’

‘ಅಕ್ಷರದ ಕಡೆ ಒಳಗೆ ಹಾಕ್ಬೋದಿತ್ತಲ್ಲ?’

‘ಅಕ್ಷರ ಮೈಗ್ ತಾಕಿದ್ರೆ ಸರಸೋತಿಗೆ ಅವಮಾನ ಅಲ್ವಾ? ರಾಣಿ ಏನ್ ನಮ್ಗೆ ನೆಂಟಳಾ?’

ಮೂರು ತಪ್ಪಿನಲ್ಲಿ ಒಂದು ಕೈಬಿಟ್ಟಿತು. ಆದರೂ ಕೇಳಿದೆ, ಕೇಳದೆ ವಿಧಿಯಿರಲಿಲ್ಲ: ‘ಇಸವಿ ಕೆಳಗೆ ಒಂದು ಚುಕ್ಕಿ ಇದೆ, ಓರೆಯಾಗಿ...’

‘ಅದಾ? ಕೊಂಡಿ ಬೆಸೆಯೋವಾಗ ಆಚಾರಿ ಚೆಲ್ಲಿದ್ದು. ಕಣ್ಣು ಮಂಜು ಅವನ್ಗೆ. ಇಂಗ್ಲೀಷೂ ಬರ್ತಿರ್ಲಿಲ್ಲ, ತಲೆ ಯಾವ್ದು ಬುಡ ಯಾವ್ದು ನೋಡ್ದೆ ಕೊಂಡಿ ಕೆಳಗ್ ಹಾಕ್ಬುಟ್ಟ. ಕಟ್ಟಿದ್ರೆ ರಾಣಿ ತಲೆಕೆಳಗು. ನಮ್ಮಾವ ಉಗಿದ್ರು, ಮಜೂರಿ ಬ್ಯಾಡ ಅಂತ ಓಡೋದ. ಆ ಕೊಂಡಿ ನಿನ್ ಕಾಲ್ದಲ್ಲೇ ಕಿತ್ತೋಯ್ತು. ಎಳೆದೂ ಎಳೆದೂ ಕಿತ್ತಾಕ್ದೆ. ಆಗ್ಲೇ ಹಿಂಗೇಯ ನೀನು, ಕೈಗ್ ಸಿಕ್ಕಿದ್ದ ಬಿಡೋಳಲ್ಲ.’

ಹೀಗೆ ನನ್ನ ಮೂರು ಟಂಕಸಾಲೆ ದೋಷಗಳೂ ಮೂರು ನಿಮಿಷದಲ್ಲಿ ಸಾರಕ್ಕಿಯ ಸ್ವಂತ ಆಸ್ತಿಯಾದವು. ಸರಿಯಾಗಿ ಒತ್ತದ ಅಚ್ಚು, ಮುತ್ತಜ್ಜಿಯ ಸಿಟ್ಟು. ಅಂಚಿನ ದೋಷ, ನಾನೇ ಕಿತ್ತ ಕೊಂಡಿಯ ಬುಡ. ಓರೆ ಚುಕ್ಕಿ, ಒಬ್ಬ ಆಚಾರಿಯ ಬೆಸುಗೆಯ ಹನಿ. ಅದಕ್ಕೇ ಆ ಒಂದೆಳೆ ಹಳದಿ. ಪಾಪದ ಬೆಳಕಿನಲ್ಲಿ ಯಾವ ದೋಷವೂ ಇರಲಿಲ್ಲ. ಒಂದು ಸಾಮ್ರಾಜ್ಯ ತನ್ನ ರಾಣಿಯ ಮೂಗನ್ನು ಎಷ್ಟು ದೇಶಗಳ ಮೇಲೆ ಒತ್ತಿತೋ ಲೆಕ್ಕವಿಟ್ಟವರಿಲ್ಲ. ಆ ಮೂಗನ್ನು ಒಂದು ಕೂಸು ಅತ್ತಿತೆಂದು ಒಗೆಯುವ ಕಲ್ಲಿಗೆ ತಿಕ್ಕಿ ತೆಗೆದವಳು ಓದು ಬರಹ ತಿಳಿಯದ ನಮ್ಮ ಮುತ್ತಜ್ಜಿ. ಆಕೆಗೆ ಅದೇನೂ ಹೋರಾಟವಾಗಿರಲಿಲ್ಲ. ರವಿಕೆಯ ಗುಂಡಿ ಚುಚ್ಚಿದ್ದರೂ ಹಾಗೆಯೇ ಕಿತ್ತೆಸೆಯುತ್ತಿದ್ದಳು.

ಇಷ್ಟು ತಿಳಿದ ಮೇಲೆ ಡಬ್ಬಿ ಒಡೆಯಲು ಎಷ್ಟು ಹೊತ್ತು ಬೇಕು? ನನಗೆ ಒಂಬತ್ತು ದಿನ ಬೇಕಾಯಿತು. ನವೆಂಬರ್ 21, ಶುಕ್ರವಾರದ ಪುಟದಲ್ಲಿ ಹೀಗಿದೆ: ಇನ್ನೊಂದು 1862ರ ರೂಪಾಯಿ ಕೊಂಡು, ಮುಖ ಉಜ್ಜಿ, ಅಜ್ಜಿಗೆ ಕೊಟ್ಟರೆ? ಹೌದು, ಬರೆದಿದ್ದೇನೆ, ಹೊಡೆದು ಹಾಕಿಲ್ಲ. ಬೆರಳು ತಾಕಿಸಿಯೇ ರೂಪಾಯಿ ಗುರುತಿಸುವವಳಿಗೆ ಮೋಸ ಮಾಡಬಹುದೆಂದು ನಲವತ್ತು ಸಲ ಅಳೆದೂ ಬೆಸುಗೆ ಗುರುತಿಸಲಾರದವಳು ಯೋಚಿಸಿದಳು. ಡಾಕ್ಟರಂತೂ ಹೊಕ್ಕುಳಿಗೆ ಏನೂ ಕಟ್ಟಬೇಡಿ, ತಾನೇ ಸರಿಹೋಗುತ್ತದೆ ಎಂದಿದ್ದಾರೆ ಎಂಬ ವಾದವೂ ನನ್ನ ಬಳಿ ಸಿದ್ಧವಿತ್ತು. ಅಜ್ಜಿ ಅದನ್ನು ಆಗಲೇ ಒಪ್ಪಿಯಾಗಿತ್ತು: ಒತ್ತಿ ಕಟ್ಟುವುದಿಲ್ಲ, ಶಾಸ್ತ್ರದ ಹೊತ್ತು ಬಟ್ಟೆಯ ಮೇಲೆ ಉಡಿದಾರದಲ್ಲಿ ತೂಗಾಡಿದರೆ ಸಾಕು. ಹೀಗೆ ನನ್ನ ಕೊನೆಯ ಸದ್ಬುದ್ಧಿಯ ನೆಪವೂ ಹೋಯಿತು.

ನವೆಂಬರ್ 23ರ ಭಾನುವಾರ ಜಯನಗರಕ್ಕೆ ಹೋದೆ. ನಿಜ ಹೇಳಿದರೆ ಅವರೇ ಡಬ್ಬಿ ಒಡೆಯುತ್ತಾರೆ, ನನ್ನ ಕೈಗೆ ಆ ಪಾಪ ಬರುವುದಿಲ್ಲ ಎಂದು ಆಸೆ.

‘ಅಂಕಲ್, ಅದು ಚುಕ್ಕಿ ಅಲ್ಲ. ಬೆಸುಗೆ. ನಮ್ಮಜ್ಜಿ ಹೇಳಿದ್ರು.’

‘ಅವರಿಗೆಷ್ಟು ವಯಸ್ಸು?’

‘ಎಂಬತ್ತೊಂದು.’

‘ನೋಡಿ ಮತ್ತೆ!’ ಅಂಕಲ್ ಕನಿಕರದಿಂದ ನಕ್ಕರು. ‘ಅವರೇನು ಟಂಕಸಾಲೇಲಿ ಕೆಲಸ ಮಾಡಿದ್ರಾ?’

‘ಇಲ್ಲ. ಅದನ್ನ ಕಟ್ಟಿಸಿಕೊಂಡ ಮಕ್ಕಳಿಗೆ ಸ್ನಾನ ಮಾಡಿಸಿದ್ರು. ಸೂಜೀಲಿ ಒಂಚೂರು ಕೆರೆದು ನೋಡಿ ಅಂಕಲ್, ಗೊತ್ತಾಗತ್ತೆ.’

‘ಕೆರೆಯೋದಾ! ಪತ್ರಿಕೆ ಅಚ್ಚಾಗಿ ಎಲ್ಲರ ಮನೆ ಸೇರಿದೆ ಕಣಮ್ಮ. ಇನ್ನೂ ಇಬ್ಬರ ಹತ್ರ ಓರೆ ಚುಕ್ಕಿ ಸಿಕ್ಕಿದೆ, ಗೊತ್ತಾ ನಿಮಗೆ? ಒಬ್ಬರು ಬನಶಂಕರಿ, ಇನ್ನೊಬ್ಬರು ಬಿಟಿಎಂ.’

ಇಬ್ಬರೂ ಅಲ್ಲೇ ಇದ್ದರು, ಹೊಸ ಅಳಿಯಂದಿರಂತೆ ಕಳೆಕಳೆಯಾಗಿ. ಬನಶಂಕರಿಯವರದು ಎಲ್ಲೋ ಬಿದ್ದು ಉಬ್ಬಿದ ಪೆಟ್ಟು. ಬಿಟಿಎಂನವರದು ನೋಡಿದ ಕೂಡಲೇ ತಿಳಿಯಿತು: ಬೆಸುಗೆ. ಇನ್ನೊಂದು ಊರಿನ ಇನ್ನೊಬ್ಬ ಆಚಾರಿ, ಇನ್ನೊಂದು ಕೂಸು. ‘ಇದು ನಿಮ್ಮನೇಲಿ ಯಾರ ಉಡಿದಾರದ್ದು, ಕೇಳಿದೀರಾ ಸಾರ್?’ ಎಂದೆ. ಅವರಿಗೆ ಅವಮಾನವಾಯಿತು. ‘ರೀ ಮೇಡಂ, ಇದು ಮನೇದಲ್ಲ. ನಾನು ದುಡ್ಡು ಕೊಟ್ಟು ತಗೊಂಡಿರೋದು’ ಎಂದರು. ನಮ್ಮ ಮನೆಯದಲ್ಲ ಎನ್ನುವುದನ್ನು ಅಷ್ಟು ಹೆಮ್ಮೆಯಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಈ ಮಂದಿಯ ಸಂಶೋಧನೆಯ ಕ್ರಮವನ್ನು ದಾರಿಯುದ್ದಕ್ಕೂ ಯೋಚಿಸಿದೆ. ರೂಪಾಯಿಯನ್ನು ತೂಗುತ್ತಾರೆ, ಅಳೆಯುತ್ತಾರೆ, ಹತ್ತು ಪಟ್ಟು ಹಿಗ್ಗಿಸಿ ನೋಡುತ್ತಾರೆ, ಕಡಲಾಚೆಯ ಪುಸ್ತಕ ತರಿಸುತ್ತಾರೆ. ಅದು ಯಾರ ಗಂಟಿನಲ್ಲಿತ್ತೋ ಆಕೆಯನ್ನು ಮಾತ್ರ ಕೇಳುವುದಿಲ್ಲ. ಆಕೆ ಅದನ್ನು ತೊಳೆದವಳು, ಅಂದರೆ ಕೊಲೆಗಾತಿ. ಕೊಲೆಗಾತಿಯ ಸಾಕ್ಷ್ಯ ನಡೆಯುವುದಿಲ್ಲ. ಮೂವತ್ತು ಭೂತಗನ್ನಡಿಗಳು ಸೇರಿ ಒಂದು ಹನಿ ಬೆಸುಗೆಯನ್ನು ಪ್ರಭೇದ ಮಾಡಿದವು. ನಾನು ಮೂವತ್ತೊಂದನೆಯವಳು, ಅವರಿಗಿಂತ ಹೆಚ್ಚು ನಾಚಬೇಕಾದವಳು, ಏಕೆಂದರೆ ಅವರ ಮನೆಯಲ್ಲಿ ನಮ್ಮಜ್ಜಿ ಇರಲಿಲ್ಲ.

ನವೆಂಬರ್ 29, ಶನಿವಾರ. ಡಬ್ಬಿಯನ್ನು ಕೈಯಲ್ಲಿ ಹಿಡಿದು ಅಜ್ಜಿಯ ಮುಂದೆ ಕುಳಿತೆ. ತೆರೆಯಲಿಲ್ಲ, ತೆರೆಯದಂತೆಯೇ ಮಾಡಿದ್ದಲ್ಲವೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಚೀಟಿಯ ಮೇಲೆ ಬೆರಳಿಟ್ಟು, ‘ಇದೇನ್ ಬರ್ದವ್ರೆ?’ ಎಂದಳು.

‘ನನ್ನ ಹೆಸರು ಅಜ್ಜಿ.’

‘ಒಳ್ಳೇದಾಯ್ತು. ಕುಟ್ಟಾಣಿ ತಗೊಂಬಾ.’

ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿ ತಂದೆ. ಅಜ್ಜಿ ಕೊಡು ಎನ್ನಲಿಲ್ಲ, ನಾನೇ ಮೂಲೆಗೆ ಎರಡು ಪೆಟ್ಟು ಹಾಕಿದೆ. ಮೂರನೆಯದಕ್ಕೆ ಚೀಟಿ ಅಡ್ಡಡ್ಡ ಸೀಳಿತು, ರೂಪಾಯಿ ಠಣ್ಣೆಂದು ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು. ಎರಡು ತಿಂಗಳಿಂದ ಮುಚ್ಚಿದ್ದ ಬಾಯಿ ತೆರೆದಂಥ ಸದ್ದು. ಪೊರಕೆ ಹಾಕಿ ಎಳೆದುಕೊಂಡೆವು.

ಸಾರಕ್ಕಿ ಮಾರ್ಕೆಟ್ಟಿನ ಹಿಂದೆ ಇನ್ನೂ ಒಬ್ಬ ಅಕ್ಕಸಾಲಿ ಕುಲುಮೆ ಇಟ್ಟುಕೊಂಡಿದ್ದಾನೆ. ರೂಪಾಯಿ ನೋಡಿ ಅವನ ಹುಬ್ಬೇರಿತು.

‘ಮೇಡಂ, ಇದಕ್ಕೆ ಕೊಂಡಿ ಹಾಕಿಸ್ತೀರಾ? ಮೊಬೈಲಲ್ಲಿ ವಿಡಿಯೊ ಬರ್ತವಲ್ಲ, ಹಳೇ ರೂಪಾಯಿಗೆ ಲಕ್ಷ ಲಕ್ಷ ಅಂತ. ಬೆಸುಗೆ ತಾಕಿದ್ರೆ ಹಾಳಾಗೋಗತ್ತೆ.’

‘ಆಗಲೇ ಹಾಳಾಗಿದೆ. ಹಾಕಿ ಅಣ್ಣ.’

‘ಸರಿ. ರಾಣಿ ತಲೆ ಮೇಲಕ್ಕೆ ಬರೋ ಹಾಗೆ ಹಾಕ್ತೀನಿ.’

‘ಬೇಡ. ಹಳೇ ಗುರುತಿನ ಮೇಲೇ ಹಾಕಿ. ತಲೆಕೆಳಗು.’

ಅವನು ನನ್ನನ್ನು ಒಮ್ಮೆ ನೋಡಿ, ಗಿರಾಕಿ ದೇವರೆಂದು ಕುಲುಮೆಯ ಕಡೆ ತಿರುಗಿದ. ಕೈ ಪಳಗಿದವನು, ಒಂದು ಹನಿಯೂ ಚೆಲ್ಲಲಿಲ್ಲ. ಮೂರನೆಯ ಚುಕ್ಕಿ ಬೀಳುತ್ತದೇನೋ ಎಂದು ಬಾಗಿ ನೋಡುತ್ತಿದ್ದವಳಿಗೆ ಸ್ವಲ್ಪ ನಿರಾಸೆಯೇ ಆಯಿತು. ಅದನ್ನು ಪುಟದಲ್ಲಿ ಬರೆದಿದ್ದೇನೆ.

ಮರುದಿನ ಬೆಳಿಗ್ಗೆ ಹಿತ್ತಲ ಕಲ್ಲಿನ ಪಕ್ಕ ಮಣೆ ಹಾಕಿ ಕುಳಿತವಳು ನಾನು. ಅಜ್ಜಿ ಮೆಟ್ಟಿಲ ಮೇಲೆ ಕೂತು ‘ಇನ್ನೊಂಚೂರು ವಿಭೂತಿ ಹಾಕು, ಕಂಜೂಸಿ’ ಎನ್ನುತ್ತಿದ್ದಳು. ಡಬ್ಬಿಯ ಅಂಟು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಇಸವಿಯ ಮೇಲೆ ಬ್ರಷ್ಷು ಆಡಿಸಿದೆ, ಚುಕ್ಕಿಗಳ ಮೇಲೂ ಆಡಿಸಿದೆ. ಮುಖದ ಮೇಲೆ ಹೆಬ್ಬೆರಳೇ ಸಾಕಾಯಿತು, ಅಲ್ಲಿ ಬ್ರಷ್ಷಿಗೆ ಸಿಗುವಂಥದ್ದೇನೂ ಮುತ್ತಜ್ಜಿ ಉಳಿಸಿರಲಿಲ್ಲ. ಹತ್ತೂವರೆಗೆ ಮಗುವಿಗೆ ಉಡಿದಾರ ಕಟ್ಟಿದರು. ಕೆಂಪು ದಾರದಲ್ಲಿ, ಹತ್ತಿ ಬಟ್ಟೆಯ ಮೇಲೆ, ರಾಣಿ ತಲೆಕೆಳಗಾಗಿ ತೂಗಿದಳು. ಮಗು ಅಳುವುದನ್ನೇನೂ ನಿಲ್ಲಿಸಲಿಲ್ಲ. ಎರಡು ಸಲ ಉಚ್ಚೆ ಹೊಯ್ದಳು, ಒಂದು ಸಲ ನೇರವಾಗಿ ರಾಣಿಯ ಮೇಲೆ. ಅಂಕಲ್ ಇದ್ದಿದ್ದರೆ ಟೋನ್ ಬಂತೆನ್ನುತ್ತಿದ್ದರು. ಕಡೆಗೆ ಅಳು ನಿಂತಾಗ ಪುಟ್ಟ ಮುಷ್ಟಿ ಕೊಂಡಿಯನ್ನು ಹಿಡಿದಿತ್ತು, ಎಳೆಯುತ್ತಿತ್ತು.

ಅಂದಿನ ಪುಟ ಇಷ್ಟೇ: ನವೆಂಬರ್ 30, ಭಾನುವಾರ. ಹುಣಸೆಹಣ್ಣು ನಿಂಬೆ ಗಾತ್ರ, ವಿಭೂತಿ ಎರಡು ಚಮಚ. ರೂಪಾಯಿ ಹನ್ನೊಂದು. ಹತ್ತು ದೇವರ ಮುಂದೆ, ಒಂದು ಕೆಲಸದ ಮೇಲೆ.